ಎಚೂಕಾದಲ್ಲಿ ಮನೆ ಹುಡುಕುವ ಮುಂಚೆ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಎಚೂಕಾದಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಊರು ಹೇಗೆ, ಮನೆ ಯಾವ ಕಡೆ ನೋಡಲಿ ಅಂತ ಕೇಳಿದ್ದೀರಿ. ಊರು ಚೆನ್ನಾಗಿದೆ, ಧೈರ್ಯವಾಗಿ ಬನ್ನಿ. ಮನೆ ಮಾತ್ರ ಬಾಡಿಗೆ ನೋಡಿ ಹಿಡಿಯಬೇಡಿ, ನದಿ ನೋಡಿ ಹಿಡಿಯಿರಿ.

ಇಲ್ಲಿ ಎಲ್ಲವೂ ಮರೇ ನದಿಯ ಲೆಕ್ಕ. ಗೋಲ್ಬರ್ನ್, ಕಂಪಾಸ್ಪಿ ನದಿಗಳು ಅದಕ್ಕೆ ಸೇರುವುದು ಇದೇ ಆಸುಪಾಸಿನಲ್ಲಿ. ನೆಲ ಮೊದಲಿನಿಂದಲೂ ಯೋರ್ಟಾ ಯೋರ್ಟಾ ಅನ್ನುವ ಮೂಲನಿವಾಸಿ ಜನರದ್ದು. 1850ರ ದಶಕದಲ್ಲಿ ಹೆನ್ರಿ ಹಾಪ್‌ವುಡ್ ಅನ್ನುವವನು ಜನ, ದನ, ಗಾಡಿ ದಾಟಿಸುವ ದೊಡ್ಡ ತೆಪ್ಪ ಹಾಕಿದ. ಇಂಗ್ಲೆಂಡಿನಿಂದ ಕೈದಿಯಾಗಿ ಗಡೀಪಾರಾಗಿ ಬಂದವನು. ದಾಟಲು ಬಂದವರು ತಂಗಬೇಕಲ್ಲ, ಅಲ್ಲೇ ಒಂದು ಹೋಟೆಲೂ ಕಟ್ಟಿದ, ಆಸಾಮಿ ಪಕ್ಕಾ ವ್ಯಾಪಾರಿ! ಆ ಬ್ರಿಡ್ಜ್ ಹೋಟೆಲ್ ಕಟ್ಟಡ ಈಗಲೂ ಇದೆ.

1864ರಲ್ಲಿ ಮೆಲ್ಬರ್ನ್ ಕಡೆಯಿಂದ ರೈಲು ಬಂತು. ಅಲ್ಲಿಂದ ಊರಿನ ನಸೀಬೇ ಬದಲಾಯಿತು. ಡಾರ್ಲಿಂಗ್, ಮರಂಬಿಜೀ ನದಿ ಕಡೆಯ ಉಣ್ಣೆಯೆಲ್ಲ ಹಬೆದೋಣಿಯಲ್ಲಿ ಬಂದು ಇಲ್ಲಿ ರೈಲು ಹತ್ತುತ್ತಿತ್ತು. ರೆಡ್ ಗಮ್ (ನೀಲಗಿರಿ ಜಾತಿಯ) ಮರದಲ್ಲಿ ಕಟ್ಟಿದ, ದೋಣಿ ನಿಲ್ಲುವ ಆ ಹಳೇ ಧಕ್ಕೆಯನ್ನು ಒಮ್ಮೆ ಕೆಳಗೆ ನಿಂತು ನೋಡಿ. ನದಿ ಏರಿದರೂ ಇಳಿದರೂ ಸರಕು ಇಳಿಸಬೇಕು ಅಂತ ಅಂತಸ್ತು ಅಂತಸ್ತಾಗಿ ಕಟ್ಟಿದ್ದಾರೆ. ಆಮೇಲೆ ಬೇರೆ ಊರುಗಳಿಗೂ ರೈಲು ಹೋಯಿತು, ಇಲ್ಲಿನ ವ್ಯಾಪಾರ ಬಿತ್ತು. ಈಗ ಹಬೆದೋಣಿಗಳು ಟೂರಿಸ್ಟ್‌ಗಳಿಗೆ.

ನೀರು ಎಷ್ಟು ಏರಬಹುದು ಅಂತ ಆ ಧಕ್ಕೆ ಕಟ್ಟಿದವರಿಗೆ ಗೊತ್ತಿತ್ತು. 2022ರ ಅಕ್ಟೋಬರ್ ನೆರೆಯಲ್ಲಿ ನಮಗೂ ಗೊತ್ತಾಯಿತು. ಊರೊಳಗೇ, ಬೀದಿಗಳ ಮೇಲೇ, ಕೆಲವೇ ದಿನಗಳಲ್ಲಿ ಉದ್ದಕ್ಕೂ ಮಣ್ಣಿನ ಕಟ್ಟೆ ಹಾಕಿದರು. ಎಷ್ಟೋ ಮನೆಗಳು ಕಟ್ಟೆಯ ಆಚೆ, ನದಿಯ ಪಾಲಿಗೇ ಉಳಿದವು, ಅವರಿಗೆ ಹೇಗಾಗಿರಬೇಕು ಹೇಳಿ. ಹಾಗಾಗಿ ಏಜೆಂಟ್ "ರಿವರ್ ವ್ಯೂ" ಅಂದರೆ ಖುಷಿಪಡುವ ಮೊದಲು ಕೌನ್ಸಿಲ್‌ನ ನೆರೆ ನಕ್ಷೆ ನೋಡಿ.

ಇನ್ನೊಂದು ವಿಷಯ. ಸೇತುವೆ ದಾಟಿದರೆ ಮೋಆಮಾ ಊರು, ಅದು ಪಕ್ಕದ ರಾಜ್ಯ ನ್ಯೂ ಸೌತ್ ವೇಲ್ಸ್. ಬಾಡಿಗೆ ಕಾನೂನು, ಡ್ರೈವಿಂಗ್ ಲೈಸೆನ್ಸ್, ಗಾಡಿ ರಿಜಿಸ್ಟ್ರೇಷನ್ ಎಲ್ಲ ಬೇರೆ. ತಮಾಷೆ ಅಂದರೆ, ನೀವು ವಿಕ್ಟೋರಿಯಾ ದಡದಲ್ಲಿ ನಿಂತು ಗಾಳ ಹಾಕಿದರೂ ನ್ಯೂ ಸೌತ್ ವೇಲ್ಸ್ ಲೈಸೆನ್ಸ್ ಬೇಕು, ಯಾಕೆಂದರೆ ನದಿ ಪೂರ್ತಿ ಅವರದ್ದು. 2020ರಲ್ಲಿ ಕೋವಿಡ್‌ಗೆ ಗಡಿ ಮುಚ್ಚಿದಾಗ ಆಚೆ ದಡದಲ್ಲಿ ಮನೆ, ಈಚೆ ಕೆಲಸ ಇದ್ದವರು ಪರ್ಮಿಟ್ ಹಿಡಿದು ಓಡಾಡಿದರು.

ಮೆಲ್ಬರ್ನ್ 200 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ರೈಲು ಇದೆ, ಆದರೆ ಕಮ್ಮಿ. ಕಾರು ಬೇಕೇ ಬೇಕು. ನಮ್ಮ ಇಂಡಿಯನ್ ದಿನಸಿ ಹೆಚ್ಚು ಬೇಕೆಂದರೆ ಹತ್ತಿರದ ದೊಡ್ಡ ಊರು ಬೆಂಡಿಗೊ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಏಸಿ ಇಲ್ಲದ ಮನೆ ಬೇಡ. ಯಾವುದಾದರೂ ಮನೆ ಇಷ್ಟವಾದರೆ ಬೀದಿ ಹೆಸರು ತಿಳಿಸಿ, 2022ರ ನೆರೆಯಲ್ಲಿ ಕಟ್ಟೆಯ ಯಾವ ಕಡೆ ಇತ್ತು ಅಂತ ವಿಚಾರಿಸಿ ಹೇಳುತ್ತೇನೆ.