ಗಾಂಧಿ ಬಜಾರಿನ ರಾತ್ರಿ ಫೋಟೋಗಳಲ್ಲಿ ಕಪ್ಪು ಪಟ್ಟೆ
ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ರಾತ್ರಿ ತೆಗೆದ ಫೋಟೋಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬರ್ತಿದೆ, ಕ್ಯಾಮೆರಾದ ಸೆನ್ಸರ್ (ಬೆಳಕು ಹಿಡಿಯುವ ಭಾಗ) ಹೋಯ್ತಾ ಅಂತ ಕೇಳಿದ್ದೀರಿ. ಬಹುಮಟ್ಟಿಗೆ ಅದು ಅಂಗಡಿಗಳ ಎಲ್‌ಇಡಿ ದೀಪದ ಮಿನುಗು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತೆ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತೆ.

ಮೊದಲು ಸದ್ದಿಲ್ಲದ ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್ ಬಿಟ್ಟು, ಪರದೆ ನಿಜವಾಗಿ ತೆರೆದು ಮುಚ್ಚುವ ಮೆಕ್ಯಾನಿಕಲ್ ಶಟರಿಗೆ ಬನ್ನಿ. ಆಮೇಲೆ ಶಟರ್ ವೇಗ 1/100 ಅಥವಾ 1/50 ಸೆಕೆಂಡಿಗೆ ನಿಲ್ಲಿಸಿ, ಕತ್ತಲಾದರೆ ಐಎಸ್‌ಒ (ಫೋಟೋ ಎಷ್ಟು ಬೆಳಗಬೇಕೆಂಬ ಸೆಟ್ಟಿಂಗ್) ಏರಿಸಿ. ಐಎಸ್‌ಒ 3200ರಲ್ಲಿ ಬರುವ ಗ್ರೈನಿಗೆ, ಅಂದರೆ ಮರಳಿನಂಥ ಚುಕ್ಕೆಗಳಿಗೆ, ಹೆದರಬೇಡಿ. ಅದನ್ನು ಸಹಿಸಬಹುದು, ಪಟ್ಟೆಯನ್ನು ಆಮೇಲೆ ಅಳಿಸೋದು ತುಂಬಾ ಕಷ್ಟ. ಮೆನುವಿನಲ್ಲಿ ಮಿನುಗು ತಡೆಯುವ ಆಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ. ಕ್ಯಾಮೆರಾ ಮಾಡೆಲ್ ಯಾವುದೆಂದು ನೀವು ಹೇಳಿಲ್ಲ, ಇದೆಯೋ ಇಲ್ಲವೋ ನೀವೇ ನೋಡಬೇಕು.

1/100ರಲ್ಲಿ ದೋಸೆ ಹುಯ್ಯುವವರ ಕೈ ಮಸುಕಾಗುತ್ತೆ. ನನಗಂತೂ ಅದು ಚೆಂದ: ಮುಖ ಸ್ಪಷ್ಟ, ಕಾವಲಿ ಮೇಲೆ ಸುತ್ತುವ ಸೌಟು ಬರೀ ಬಿಳಿ ಗೆರೆ. ಕೈಯೂ ಸ್ಪಷ್ಟ ಬೇಕಿದ್ದರೆ ಸೌಟು ಮೇಲೆತ್ತಿ ಒಂದು ಕ್ಷಣ ನಿಲ್ಲಿಸ್ತಾರಲ್ಲ, ಆಗ ಒತ್ತಿ.

ಇಷ್ಟಾದ ಮೇಲೂ ಪಟ್ಟೆ ಉಳಿದರೆ ಹಿಂದೆ ಓಡುವ ಅಕ್ಷರದ ಬೋರ್ಡ್ ಇದೆಯಾ ನೋಡಿ, ಅವುಗಳ ಮಿನುಗಿನ ಲೆಕ್ಕವೇ ಬೇರೆ. ಎರಡು ಹೆಜ್ಜೆ ಸರಿದು ಅದನ್ನು ಫ್ರೇಮಿನಿಂದ ಹೊರಗಿಡಿ.