ಪತಿಯ ಪರೀಕ್ಷೆಯೇ ಆಗದೆ ಐವಿಎಫ್ ಏಕೆ?

ಪ್ರಶ್ನೆ: ನನಗೆ 31 ವರ್ಷ, ಪತಿಗೆ 35. ಮದುವೆಯಾಗಿ ಮೂರು ವರ್ಷವಾದರೂ ಗರ್ಭ ನಿಂತಿಲ್ಲ. ನನ್ನ ಸ್ಕ್ಯಾನಿಂಗ್, ಥೈರಾಯ್ಡ್ ಪರೀಕ್ಷೆಗಳಲ್ಲಿ ದೋಷ ಕಂಡಿಲ್ಲ. ಆರು ತಿಂಗಳು ಅಂಡಾಣು ಬೆಳೆಯುವ ಮಾತ್ರೆ ನುಂಗಿದ್ದೂ ಆಯಿತು. ‘ಗಂಡಸಿಗೆಂಥ ಪರೀಕ್ಷೆ’ ಎನ್ನುತ್ತಾರೆ ಅತ್ತೆ. ಈಗ ಒಂದು ಚಿಕಿತ್ಸಾ ಕೇಂದ್ರದವರು ‘ಖಚಿತ ಫಲಿತಾಂಶ’ದ ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸುವ ಪ್ರನಾಳ ಶಿಶು ಚಿಕಿತ್ಸೆ) ಪ್ಯಾಕೇಜಿಗೆ ಈ ವಾರವೇ ಮುಂಗಡ ಕಟ್ಟಬೇಕೆಂದು ಒತ್ತಾಯಿಸುತ್ತಿದ್ದಾರೆ. ಕಟ್ಟಬಹುದೇ?
– ಓದುಗರು, ದಾವಣಗೆರೆ

ಉತ್ತರ: ಸದ್ಯಕ್ಕೆ ಕಟ್ಟಬೇಡಿ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಒಂಟಿಯಾಗಿ ಅಥವಾ ಜೊತೆಗೂಡಿ ಇರುತ್ತದೆ. ಹೀಗಿರುವಾಗ ಎಲ್ಲಕ್ಕಿಂತ ಸುಲಭವಾದ, ಅಗ್ಗವಾದ ವೀರ್ಯ ಪರೀಕ್ಷೆಯನ್ನೇ ಬಿಟ್ಟು ನಿಮಗೆ ಆರು ತಿಂಗಳು ಮಾತ್ರೆ ಕೊಟ್ಟದ್ದು ನನಗೆ ಸರಿಕಾಣುವುದಿಲ್ಲ. ಎರಡರಿಂದ ಏಳು ದಿನಗಳ ಸಂಯಮದ ನಂತರ ಮಾದರಿ ಕೊಟ್ಟರೆ ಸಾಕು. ಒಂದು ವರದಿ ಕೆಟ್ಟಿದ್ದ ಮಾತ್ರಕ್ಕೆ ಎದೆಗುಂದಬೇಕಿಲ್ಲ. ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳಷ್ಟು ಬೇಕಾಗುವುದರಿಂದ, ಇತ್ತೀಚಿನ ಜ್ವರ, ತಂಬಾಕು, ಬಿಸಿಯ ಮುಂದೆ ನಿಂತು ಮಾಡುವ ಕೆಲಸ, ಇವುಗಳ ಪರಿಣಾಮ ಅದರಲ್ಲಿ ಕಾಣಿಸಿಕೊಳ್ಳಬಹುದು, ಆದ್ದರಿಂದ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಗಂಡಸುತನಕ್ಕೂ ವೀರ್ಯಾಣುಗಳ ಸಂಖ್ಯೆಗೂ ಸಂಬಂಧವಿಲ್ಲವೆಂಬ ಮಾತನ್ನು ಅತ್ತೆಯವರಿಗೆ ನೀವಲ್ಲ, ನಿಮ್ಮ ಪತಿಯೇ ಹೇಳಲಿ.

ನಿಮ್ಮ ಕಡೆಯಲ್ಲಿ ಉಳಿದಿರುವುದು ಗರ್ಭನಾಳಗಳ ಪರೀಕ್ಷೆ. ಆ ತಿಂಗಳ ಮುಟ್ಟಿನ ಸ್ರಾವ ನಿಂತ ಕೆಲವೇ ದಿನಗಳಲ್ಲಿ ಬಣ್ಣದ ದ್ರವ ಹಾಯಿಸಿ ಎಕ್ಸ್-ರೇ ತೆಗೆದು, ನಾಳಗಳು ತೆರೆದಿವೆಯೇ ಎಂದು ನೋಡುತ್ತಾರೆ. ಸಾಮಾನ್ಯ ಸ್ಕ್ಯಾನಿಂಗಿನಲ್ಲಿ ಇದು ತಿಳಿಯುವುದಿಲ್ಲ. ನಮ್ಮ ದೇಶದಲ್ಲಿ ಜನನಾಂಗದ ಕ್ಷಯವು ಕೆಮ್ಮು, ಜ್ವರ ಯಾವುದೂ ಇಲ್ಲದೆಯೇ ನಾಳಗಳನ್ನು ಮುಚ್ಚಿಬಿಡುವುದುಂಟು.

ಈ ಎರಡು ವರದಿಗಳ ಮೇಲೆ ಮುಂದಿನ ದಾರಿ ನಿಂತಿದೆ. ನಾಳ ತೆರೆದಿದ್ದು, ವೀರ್ಯಾಣುಗಳಲ್ಲಿ ಅಲ್ಪ ಕೊರತೆ ಮಾತ್ರ ಇದ್ದರೆ ಶುದ್ಧೀಕರಿಸಿದ ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಐಯುಐ ಅನ್ನು ಕೆಲವು ಬಾರಿ ಪ್ರಯತ್ನಿಸಬಹುದು. ಎರಡೂ ನಾಳ ಮುಚ್ಚಿದ್ದರೆ ಅಥವಾ ವೀರ್ಯಾಣುಗಳು ತೀರ ಕಡಿಮೆಯಿದ್ದರೆ ಐವಿಎಫ್ ನಿಜವಾಗಿಯೂ ಬೇಕಾಗಬಹುದು, ಆಗ ಅದನ್ನು ಮುಂದೂಡಬೇಡಿ.

‘ಖಚಿತ ಫಲಿತಾಂಶ’ ಎಂಬ ಮಾತನ್ನು ಯಾವ ವೈದ್ಯರೂ ಪ್ರಾಮಾಣಿಕವಾಗಿ ಹೇಳಲಾರರು. ನಿಮ್ಮ ವಯಸ್ಸಿನವರಲ್ಲಿ ಎಷ್ಟು ಜನ ಮಗುವನ್ನು ಮನೆಗೆ ಕರೆದೊಯ್ದಿದ್ದಾರೆ ಎಂದು ಕೇಳಿ. ಪರೀಕ್ಷೆ ಪಾಸಿಟಿವ್ ಬಂದವರ ಲೆಕ್ಕ ಬೇರೆ, ಅದೇ ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು. ಚುಚ್ಚುಮದ್ದು, ಅರಿವಳಿಕೆ, ಭ್ರೂಣವನ್ನು ಶೈತ್ಯೀಕರಿಸಿಡುವ ಶುಲ್ಕ ಪ್ಯಾಕೇಜಿನೊಳಗಿವೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಇಂಥ ಕೇಂದ್ರ ನೋಂದಣಿಯಾಗಿರಲೇಬೇಕು. ಒಂದನೇ ಹಂತದ ನೋಂದಣಿ ಇರುವಲ್ಲಿ ಐಯುಐ ಮಾತ್ರ ಮಾಡಬಹುದು, ಐವಿಎಫ್‌ಗೆ ಎರಡನೇ ಹಂತದ್ದು ಬೇಕು. ಪ್ರಮಾಣಪತ್ರವನ್ನು ಕೇಳಿ ನೋಡಲು ಸಂಕೋಚ ಬೇಡ.

ಪ್ರಶ್ನೆ: ನನಗೆ 37 ವರ್ಷ. ಮದುವೆಯಾಗಿ ಏಳು ತಿಂಗಳಾಯಿತು. ಒಂದು ವರ್ಷ ಕಾಯಬೇಕೆನ್ನುತ್ತಾರಲ್ಲ?
– ಓದುಗರು, ಶಿರಸಿ

ಉತ್ತರ: ಆ ಒಂದು ವರ್ಷದ ಲೆಕ್ಕ 35ರೊಳಗಿನವರಿಗೆ. ನಿಮ್ಮ ವಯಸ್ಸಿನಲ್ಲಿ ಆರು ತಿಂಗಳ ನಂತರವೇ ತಪಾಸಣೆ ಆರಂಭಿಸುವುದು ರೂಢಿ, ಏಕೆಂದರೆ ಅಂಡಾಣುಗಳ ಸಂಖ್ಯೆ, ಗುಣಮಟ್ಟ ಎರಡೂ ಈ ವರ್ಷಗಳಲ್ಲಿ ಬೇಗ ಕುಗ್ಗುತ್ತವೆ. ಈ ತಿಂಗಳೇ ಹೋಗಿ, ಪತಿಯನ್ನೂ ಕರೆದುಕೊಂಡು.