ತೆಗೆದರೂ ಮರಳಿ ಬರುವ ಸ್ಪೈವೇರ್

ಪ್ರಶ್ನೆ: ನನ್ನ ವಿಂಡೋಸ್ 11 ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದರೆ ಗೊತ್ತಿಲ್ಲದ ಸರ್ಚ್ ಪುಟ ಬರುತ್ತದೆ. ಎಕ್ಸ್‌ಟೆನ್ಷನ್ (ಬ್ರೌಸರಿಗೆ ಅಂಟಿಕೊಳ್ಳುವ ಕಿರು ತಂತ್ರಾಂಶ) ಕಿತ್ತುಹಾಕಿದರೂ ಮರುದಿನ ಮತ್ತೆ ಹಾಜರ್. ಫಾರ್ಮ್ಯಾಟ್ ಮಾಡಲೇಬೇಕೇ?

ಉತ್ತರ: ಅವಸರ ಬೇಡ. ಇದು ಸ್ಪೈವೇರ್, ಅಂದರೆ ಗೊತ್ತಾಗದಂತೆ ಮಾಹಿತಿ ಕದಿಯುವ ತಂತ್ರಾಂಶದ ಕೆಲಸವಿರಬಹುದು. ನೀವು ತೆಗೆದದ್ದು ಎಲೆ, ಬೇರು ಇನ್ನೂ ಒಳಗಿದೆ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ, ತೊಂದರೆ ಶುರುವಾದ ದಿನ ಬಂದ ಅಪರಿಚಿತ ಪ್ರೋಗ್ರಾಂಗಳನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ವಿಂಡೋಸ್‌ನಲ್ಲೇ ಇರುವ ವೈರಸ್ ನಿರೋಧಕ ವಿಂಡೋಸ್ ಸೆಕ್ಯುರಿಟಿಯನ್ನು ಅಪ್‌ಡೇಟ್ ಮಾಡಿ, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ತೆರೆದಿರುವ ಕೆಲಸವನ್ನೆಲ್ಲ ಮೊದಲೇ ಸೇವ್ ಮಾಡಿಕೊಳ್ಳಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ತಪಾಸಣೆ ನಡೆಯುತ್ತದೆ. ವಿಂಡೋಸ್ ಇನ್ನೂ ಶುರುವಾಗಿರದ ಕಾರಣ ಸ್ಪೈವೇರ್‌ಗೆ ಅಡಗಿಕೊಳ್ಳುವುದು ಕಷ್ಟ.

ಬಹಳ ಜನ ಮರೆಯುವ ಜಾಗ ಡೆಸ್ಕ್‌ಟಾಪಿನ ಬ್ರೌಸರ್ ಶಾರ್ಟ್‌ಕಟ್. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ಟಾರ್ಗೆಟ್ ಸಾಲು ನೋಡಿ. ಕೊನೆಗೆ ಯಾವುದಾದರೂ ವೆಬ್ ವಿಳಾಸ ಅಂಟಿಕೊಂಡಿದ್ದರೆ ಅಷ್ಟನ್ನೇ ಅಳಿಸಿ. ನಿಗದಿತ ವೇಳೆಗೆ ಪ್ರೋಗ್ರಾಂಗಳನ್ನು ತಾನಾಗಿ ನಡೆಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲೂ ಕಣ್ಣಾಡಿಸಿ; ‘ಮರುದಿನ ಮತ್ತೆ’ ಎಂಬ ಲಕ್ಷಣಕ್ಕೆ ಅಲ್ಲಿನ ನಿಗದಿತ ಕೆಲಸವೇ ಕಾರಣವಾಗಿರಬಹುದು. ಬಳಿಕ ಬ್ರೌಸರ್ ರೀಸೆಟ್ ಮಾಡಿ. ಬ್ರೌಸರಿನ ಸೆಟ್ಟಿಂಗ್, ಎಕ್ಸ್‌ಟೆನ್ಷನ್‌ಗಳನ್ನು ನಿಮ್ಮ ಆನ್‌ಲೈನ್ ಖಾತೆಯಲ್ಲಿ ಉಳಿಸುವ ಸಿಂಕ್ ಆಫ್ ಮಾಡದಿದ್ದರೆ ಅದೇ ಎಕ್ಸ್‌ಟೆನ್ಷನ್ ಖಾತೆಯಿಂದ ವಾಪಸ್ ಬಂದೀತು.

ಪಾಸ್‌ವರ್ಡ್‌ಗಳನ್ನು ಬೇರೊಂದು ಸುರಕ್ಷಿತ ಸಾಧನದಿಂದಲೇ ಬದಲಿಸಿ, ಮೊದಲು ಇಮೇಲ್, ನಂತರ ಬ್ಯಾಂಕ್. ಮುಂದಕ್ಕೆ ದಿನಬಳಕೆಗೆ ವಿಂಡೋಸ್‌ನ ಸ್ಟ್ಯಾಂಡರ್ಡ್ ಖಾತೆ (ಅಡ್ಮಿನ್ ಅಧಿಕಾರವಿಲ್ಲದ್ದು) ಸಾಕು. ಉಚಿತ ಸಾಫ್ಟ್‌ವೇರ್ ಹಾಕುವಾಗ ಕಸ್ಟಮ್ ಆರಿಸಿ, ಜೊತೆಗೆ ನುಸುಳುವವುಗಳ ಟಿಕ್ ತೆಗೆಯಿರಿ. ಇಷ್ಟಾದ ಮೇಲೂ ಆ ಪುಟ ಬಂದರೆ ಮಾತ್ರ ಕಡತಗಳ ಬ್ಯಾಕಪ್ ಇಟ್ಟು ಫಾರ್ಮ್ಯಾಟ್ ಮಾಡಿ.